ಅತ್ತಿಗೆಯ ಬಾಣಲೆಗೆ ಗುರಿಯಿಟ್ಟದ್ದು

ಅಥವಾ ಅತ್ತಿಗೆಯ ಅಂಗೈ ಬಾಣಲೆಯಿಂದ ಒಂದು ಗೇಣು ಮೇಲಿತ್ತೋ, ನಾಲ್ಕೇ ಬೆರಳು ಮೇಲಿತ್ತೋ, ಈಗ ಆಣೆ ಮಾಡಿ ಹೇಳಲಾರೆ. ನನಗಾಗ ಎಂಟು ವರ್ಷ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು, ಅತ್ತಿಗೆ ನಮ್ಮ ಮನೆಗೆ ಸೇರಿದ್ದು ಅದಕ್ಕಿಂತ ಹೊಸತು. ಕಾಫಿ ಹುರಿಯಲು ಕೂತ ಮದುಮಗಳು ಕಾದ ಕಬ್ಬಿಣದ ಬಾಣಲೆಯ ಮೇಲೆ ಅಂಗೈ ಹಿಡಿದು, ಕಣ್ಣು ಮುಚ್ಚಿ, "ಈಗ" ಎಂದು ಬೀಜ ಸುರಿದರು. ಯಾರನ್ನೂ ಹೊಗಳಿ ಅಭ್ಯಾಸವಿಲ್ಲದ ನನ್ನ ಅವ್ವ ಆ ಕಾಫಿ ಕುಡಿದು ಎರಡನೆಯ ಲೋಟ ಕೇಳಿದಳು. ಇಷ್ಟೂ ಕಣ್ಣಿಗೆ ಕಟ್ಟಿದ ಹಾಗಿದೆ. ತೊಂದರೆ ಏನೆಂದರೆ, ಅದೇ ನೆನಪಿನಲ್ಲಿ ಒಲೆಯ ಹಿಂದಿನ ಗೋಡೆಗೆ ಹೊಸ ಮೈಸೂರು ರಾಜ್ಯದ ಬಣ್ಣದ ನಕ್ಷೆಯೂ ತೂಗುತ್ತಿದೆ. ಅಡುಗೆಮನೆಯಲ್ಲಿ ನಕ್ಷೆ ತೂಗುಹಾಕುವವರು ಯಾರು? ಅದು ನಮ್ಮ ಶಾಲೆಯ ಗೋಡೆಯಿಂದ ಕಳಚಿಕೊಂಡು ಬಂದು, ಯಾರನ್ನೂ ಕೇಳದೆ, ಅತ್ತಿಗೆಯ ಹಿಂದೆ ನಿಂತುಬಿಟ್ಟಿದೆ. ನಕ್ಷೆ ಸುಳ್ಳಾದರೆ ಎರಡನೆಯ ಲೋಟ ಎಷ್ಟು ನಿಜ?

ನೆನಪು ಎಂಬುದು ನೆಂಟರು ಬರುವ ಹೊತ್ತಿಗೆ ಮನೆ ಓರಣ ಮಾಡುವವರ ಹಾಗೆ. ಬೇಡದ್ದನ್ನೆಲ್ಲ ಮಂಚದ ಕೆಳಗೆ ತಳ್ಳಿ, ಮೇಲೊಂದು ಒಳ್ಳೆಯ ಹೊದಿಕೆ ಹಾಸುತ್ತದೆ. ಅದಕ್ಕೇ ನನಗೆ ಮೊದಲಿನಿಂದಲೂ ಓರಣದ ಕಥೆಗಳೆಂದರೆ ಅನುಮಾನ. ವಯಸ್ಸಿನಲ್ಲಿದ್ದಾಗ ಒಂದೂ ಅಲ್ಪವಿರಾಮವಿಲ್ಲದ ಕಥೆ ಬರೆದಿದ್ದೆ. ಅಚ್ಚಿನ ಮೊಳೆ ಜೋಡಿಸುವವನು ಮರುಕಪಟ್ಟು ತಾನೇ ಎಲ್ಲವನ್ನೂ ಹಾಕಿದ್ದ. ಪ್ರಯೋಗದ ಆ ಚಟ ಕಥೆಯಿಂದ ಹೊರಟು, ವಯಸ್ಸಾದಂತೆ ಉಪಕರಣಗಳ ಮೇಲೆ ಕೂತಿತು. ಹಾಗಾಗಿ ಎಪ್ಪತ್ತು ದಾಟಿದ ಮೇಲೆ ನಾನು ಒಂದು ಪಿಸ್ತೂಲು ಕೊಂಡದ್ದನ್ನು ನೀವು ಕ್ಷಮಿಸಬೇಕು.

ಪಿಸ್ತೂಲೆಂದರೆ ಶಾಖ ಅಳೆಯುವ ಪಿಸ್ತೂಲು. ಕೊರೋನಾ ಕಾಲದಲ್ಲಿ ಅಂಗಡಿ ಬಾಗಿಲಲ್ಲಿ ಹಣೆಗೆ ಹಿಡಿಯುತ್ತಿದ್ದರಲ್ಲ, ಅದರ ದೊಡ್ಡಣ್ಣ. ಮುಟ್ಟಬೇಕಾಗಿಲ್ಲ. ಗುರಿಯಿಟ್ಟು ಬೆರಳಡಿಯ ಕುದುರೆ ಒತ್ತಿದರೆ ಒಂದು ಕೆಂಪು ಚುಕ್ಕೆ ಬೀಳುತ್ತದೆ, ಹಿಂಬದಿಯ ಕಿಟಕಿಯಲ್ಲಿ ಅಂಕಿ ಮೂಡುತ್ತದೆ. ಬಿಟ್ಟಂಗಾಲದ ನಮ್ಮ ಮನೆಯಲ್ಲಿ ಅಜ್ಜನ ಕಾಲದ ಕೋವಿ ಇದೆ, ವರ್ಷಕ್ಕೊಮ್ಮೆ ಅದಕ್ಕೆ ಹೂವಿಟ್ಟು ಪೂಜೆ ಮಾಡುತ್ತೇವೆ. ಅಂಥ ಮನೆಗೆ ಹಳದಿ ಪ್ಲಾಸ್ಟಿಕ್ಕಿನ ಈ ಆಯುಧ ತಂದಾಗ ನಾನು ಮರ್ಯಾದೆ ನಿರೀಕ್ಷಿಸಿರಲಿಲ್ಲ. ಸಿಗಲೂ ಇಲ್ಲ. ಅತ್ತಿಗೆ ಅದನ್ನು ಕಂಡೊಡನೆ ಸೆರಗು ಸರಿಸಿ ಹಣೆ ಮುಂದೆ ಮಾಡಿದರು.

"ನಂಗೆ ಜ್ವರ ಇಲ್ಲೆ ಹೈದಾ. ಬೇಕಾದ್ರೆ ನೋಡು."

ಹೈದ ಎಂದರೆ ನಮ್ಮ ಅರೆಭಾಷೆಯಲ್ಲಿ ಹುಡುಗ. ನನಗೆ ಆ ಹೆಸರಿನಿಂದ ಬಡ್ತಿ ಸಿಕ್ಕೇ ಇಲ್ಲ.

"ನಿಮಗಲ್ಲ ಅತ್ತಿಗೆ, ಬಾಣಲೆಗೆ."

"ಬಾಣಲೆಗೆ ಜ್ವರ ಬಾರದಿದ್ರೆ ಕಾಫಿ ಹುರಿಯೋದು ಹೇಂಗೆ?"

ತಮಾಷೆ ಅಲ್ಲಿಗೆ ನಿಂತಿತು. ಯಾಕೆಂದರೆ ವಿಷಯ ತಮಾಷೆಯದಾಗಿರಲಿಲ್ಲ. ಸಕ್ಕರೆ ಕಾಯಿಲೆ ಅತ್ತಿಗೆಯ ಎರಡೂ ಅಂಗೈಗಳ ಸ್ಪರ್ಶವನ್ನು ಸ್ವಲ್ಪ ಸ್ವಲ್ಪವಾಗಿ ತಿಂದುಹಾಕಿತ್ತು. ಬಾಣಲೆಯ ಮೇಲೆ ಹಿಡಿದ ಕೈಗೆ ಈಗ ಬಿಸಿಯೂ ಒಂದೇ, ಬೆಚ್ಚಗೂ ಒಂದೇ. ಬಾಣಲೆ ಅತಿಯಾಗಿ ಕಾದಾಗ ಬೀಜ ಬಿದ್ದರೆ ಹೊರಗೆ ಕರಟುತ್ತದೆ, ಒಳಗೆ ಹಸಿ ಉಳಿಯುತ್ತದೆ. ಎರಡು ಸಲ ಹಾಗಾಯಿತು. ಮುಂದಿನ ವಾರ ಕುಶಾಲನಗರದಲ್ಲಿ ಅವರ ಮೊಮ್ಮಗಳ ಮದುವೆ. ನಮ್ಮ ಮನೆಯ ಯಾವ ಮದುವೆಗೂ ಅತ್ತಿಗೆ ಹುರಿದ ಪುಡಿ ಬಿಟ್ಟು ಬೇರೆ ಹೋದದ್ದಿಲ್ಲ. ಅವರ ಮಗ ಪೂವಯ್ಯ ಒಳ್ಳೆಯವನು. ಒಳ್ಳೆಯ ಮಕ್ಕಳು ಎಷ್ಟು ಕಠಿಣವಾಗಬಲ್ಲರೋ ಅಷ್ಟು ಕಠಿಣವಾಗಿ ಹೇಳಿದ್ದ: "ಇನ್ನೊಂದು ಸಲ ಕರಟಿದ್ರೆ ಮಿಲ್ಲಿಂದ ಪುಡಿ ತರ್ತೇನೆ ಅವ್ವ. ಬಾಣಲೆ ಅಟ್ಟಕ್ಕೆ. ಕೈ ಸುಟ್ಕೊಂಡ್ರೂ ನಿಂಗೆ ಗೊತ್ತಾಗುದಿಲ್ಲ, ಇನ್ನು ಒಲೆ ಹತ್ರ ಕೂರೋದು ಬೇಡ."  ಅತ್ತಿಗೆ ಎದ್ದು ಹೋಗಿ, ಉರಿಯದ ಒಲೆಯ ಮುಂದೆ ಕೂತರು. ಅದನ್ನು ನೋಡಿದ ಮೇಲೆಯೇ ನಾನು ಪಿಸ್ತೂಲು ತರಿಸಿದ್ದು.

ಅತ್ತಿಗೆಯ ಸೊಸೆ ಕಮಲ ತನ್ನ ಪಾಲಿನ ಸೇವೆ ಮಾಡಿದಳು. ಮಂಗಳಕಾರ್ಯಕ್ಕೆ ಮುಂಚೆ ನಮ್ಮಲ್ಲಿ ತಾಮ್ರ ಹಿತ್ತಾಳೆಗಳನ್ನೆಲ್ಲ ಬೆಳಗುತ್ತಾರೆ. ಅದಕ್ಕೆ ಹುಣಸೆಗಿಂತ ಒಳ್ಳೆಯದು ಕಾಚಂಪುಳಿ ಇಳಿಸಿದ ಮೇಲೆ ಉಳಿಯುವ ಹಣ್ಣಿನ ಸಿಪ್ಪೆ. ಹಂದಿ ಮಾಂಸದ ಸಾರಿಗೆ ಹುಳಿ ಕೊಡುವ ಆ ಕಪ್ಪು ರಸದ ಹಣ್ಣು ಲೋಹದ ಮೇಲೆ ಎಂಥ ಕಿಲುಬನ್ನೂ ಉಳಿಸುವುದಿಲ್ಲ. ಕಮಲ ಬಿಂದಿಗೆ, ಚೆಂಬು, ದೀಪಗಳನ್ನೆಲ್ಲ ಮುಗಿಸಿ, ಮದುವೆಯ ಕಾಫಿ ಹುರಿಯುವ ಬಾಣಲೆಗೆ ಮಾತ್ರ ಯಾಕೆ ಕಡಿಮೆ ಎಂದು ಅದನ್ನೂ ಸಿಪ್ಪೆ, ಇಟ್ಟಿಗೆಪುಡಿ ಹಾಕಿ ಒಂದು ಬೆಳಿಗ್ಗೆ ಪೂರ್ತಿ ಉಜ್ಜಿದಳು. ಕಬ್ಬಿಣ ಕನ್ನಡಿಯಾಯಿತು. ಅತ್ತಿಗೆ ಬಗ್ಗಿ ನೋಡಿ, "ಎಪ್ಪತ್ತು ವರ್ಷದ ಕಪ್ಪು. ನಾ ಸತ್ತ ಮೇಲಾದ್ರೂ ಉಜ್ಜಬಹುದಿತ್ತು" ಎಂದರು. ಕಮಲ ಅದನ್ನು ಹೊಗಳಿಕೆಯೆಂದು ತಿಳಿದಳು.

ಒಲೆ ಹೊತ್ತಿಸಿದ ಮೇಲೆ ನಾನು ಸಿಡಿಯುವ ಕೆಂಡಕ್ಕೆ ಹೆದರಿ ಬಾಗಿಲ ಬಳಿಯಿಂದಲೇ ಗುರಿಯಿಟ್ಟೆ. ಬಾಣಲೆ ಇನ್ನೂರು ಡಿಗ್ರಿಗೆ ಬರಬೇಕು ಎಂದು ಎಲ್ಲಿಯೋ ಓದಿದ್ದೆ. ಅಂಕಿ ಎಂಬತ್ತಕ್ಕೆ ಬಂತು, ನೂರ ಹತ್ತಕ್ಕೆ ಬಂತು, ಮತ್ತೆ ಎಮ್ಮೆಯ ಹಾಗೆ ನಿಂತಿತು.

"ಬಿಸಿ ಹೆಚ್ಚಾತ್ ಕಾಣ್ತದೆ ಹೈದಾ, ಮೂಗಿಗೆ ಹೊಡೀತುಟ್ಟು" ಎಂದರು ಅತ್ತಿಗೆ.

"ಯಂತ್ರ ನೂರ ಹತ್ತು ಹೇಳ್ತಿದೆ ಅತ್ತಿಗೆ. ಸ್ವಲ್ಪ ತಡೀರಿ. ಪೂವಯ್ಯ, ಇನ್ನೆರಡು ಸೌದೆ ಹಾಕು."

ಪೂವಯ್ಯ ಹಾಕಿದ. ಬಾಣಲೆಗೆ ಆನಿಸಿಟ್ಟ ಮರದ ಸೌಟಿನ ತುದಿ ಹೊಗೆಯಾಡತೊಡಗಿತು. ಕಣ್ಣ ಮುಂದೆ ಮರ ಸುಡುತ್ತಿರುವಾಗ ನಾನು ಅಂಕಿಯನ್ನು ನಂಬಿದೆ. ನೆನಪನ್ನು ನಂಬದವನ ಪಾಂಡಿತ್ಯ ನೋಡಿ! ನೂರ ನಲವತ್ತಕ್ಕೆ ತಾಳ್ಮೆ ಕೆಟ್ಟು "ಹಾಕಿ" ಎಂದೆ. ಬೀಜ ಬಿದ್ದ ಮರುಗಳಿಗೆಯೇ ಚಟಪಟ ಸದ್ದು, ಅಡುಗೆಮನೆ ತುಂಬ ಹೊಗೆ. ಅತ್ತಿಗೆ ಒಂದು ಬೀಜ ಕಚ್ಚಿ, ಎರಡು ಹೋಳು ಮಾಡಿ, ನನ್ನ ಅಂಗೈಯಲ್ಲಿಟ್ಟರು. ಹೊರಗೆ ಇದ್ದಿಲು, ಒಳಗೆ ಹುಲ್ಲಿನ ಬಣ್ಣ.

ಪೂವಯ್ಯ ಅಟ್ಟದ ಏಣಿ ತರಲು ಹೊರಟ. ನಾನು ಅಡ್ಡ ನಿಂತೆ. "ಇದು ನಿನ್ನ ಅವ್ವನ ತಪ್ಪಲ್ಲ, ನನ್ನದು. ಒಂದು ದಿನ ಕೊಡು."

"ಒಂದೇ ದಿನ ಚಿಕ್ಕಪ್ಪ. ಆಮೇಲೆ ನಿಮ್ಮನ್ನೂ ಅಟ್ಟಕ್ಕೆ ಹಾಕ್ತೇನೆ."

ಸೋತವನಿಗೆ ಕಾಫಿಯೇ ಗತಿ. ಸ್ಟೀಲ್ ಲೋಟದಲ್ಲಿ ಕುದಿಯುವ ಕಾಫಿ ಹಿಡಿದು ಜಗಲಿಯಲ್ಲಿ ಕೂತು, ಸಿಟ್ಟಿನಿಂದ ಲೋಟಕ್ಕೇ ಗುಂಡು ಹೊಡೆದೆ. ಮೂವತ್ತೊಂದು ಡಿಗ್ರಿ! ಬೆರಳು ಸುಡುತ್ತಿದೆ, ಯಂತ್ರ ತಣ್ಣಗಿದೆ ಎನ್ನುತ್ತಿದೆ. ಮೇಲಿನಿಂದ ಕಾಫಿಗೇ ಹೊಡೆದೆ: ಎಪ್ಪತ್ತೆಂಟು. ಒಳಗೆ ಹೋಗಿ, ಕರೆಂಟು ತಂತಿಗೆ ಸುತ್ತುವ ಕಪ್ಪು ಟೇಪು ತಂದು ಲೋಟಕ್ಕೆ ಒಂದು ತುಂಡು ಅಂಟಿಸಿ, ಟೇಪಿಗೆ ಹೊಡೆದೆ: ಎಪ್ಪತ್ತನಾಲ್ಕು. ಟೇಪಿನ ಪಕ್ಕದ ಹೊಳಪಿಗೆ: ಮೂವತ್ತೊಂದು. ಈ ಸುಖವನ್ನು ನಿಮಗೆ ಹೇಗೆ ವಿವರಿಸಲಿ? ಜೀವಮಾನದಲ್ಲಿ ಒಂದೆರಡು ಸಲ ಒಂದು ವಾಕ್ಯ ತಾನಾಗಿ ಸರಿಯಾಗಿ ಕೂತಾಗ ಆದ ಸುಖ ಅದು. ಆ ದಿನ ಲೋಟ ಹಿಡಿದುಕೊಂಡೇ ಅಂಗಳದಲ್ಲಿ ಎರಡು ಸುತ್ತು ಹಾಕಿದೆ.

ಆಮೇಲೆಯೇ ಡಬ್ಬಿಯೊಳಗಿನ ಕಾಗದ ಓದಿದ್ದು. ಬಿಸಿಯಾದ ಪ್ರತಿಯೊಂದು ವಸ್ತುವೂ ನಮ್ಮ ಕಣ್ಣಿಗೆ ಕಾಣದ ಅವಗೆಂಪು ಕಿರಣಗಳನ್ನು ಬಿಡುತ್ತಿರುತ್ತದೆ. ಯಂತ್ರ ಉಣ್ಣುವುದು ಅವನ್ನು. ಕಪ್ಪು, ಮಂಕು, ಒರಟು ವಸ್ತುಗಳು ಧಾರಾಳಿಗಳು, ಇರುವುದನ್ನೆಲ್ಲ ಕೊಡುತ್ತವೆ. ಉಜ್ಜಿ ಹೊಳಪಿಟ್ಟ ಲೋಹ ಮಹಾ ಜಿಪುಣ. ತನ್ನದನ್ನು ಒಳಗೇ ಇಟ್ಟುಕೊಂಡು, ಎದುರಿಗಿರುವ ಗೋಡೆಯದೋ ಮಾಡಿನದೋ ಶಾಖವನ್ನು ತನ್ನದೆಂಬಂತೆ ತೋರಿಸುತ್ತದೆ. ನಾನು ಅಳೆದದ್ದು ಬಹುಪಾಲು ನಮ್ಮ ಅಡುಗೆಮನೆಯ ಹೆಂಚಿನ ಬಿಸಿಯನ್ನು. ಕೆಂಪು ಚುಕ್ಕೆಯೂ ಬರಿಯ ತೋರುಬೆರಳು. ಯಂತ್ರ ನೋಡುವುದು ಅದರ ಸುತ್ತಲ ಒಂದು ವೃತ್ತವನ್ನು, ದೂರ ಹೋದಷ್ಟೂ ವೃತ್ತ ಹಿಗ್ಗುತ್ತದೆ. ಬಾಗಿಲ ಬಳಿ ನಿಂತ ಹೇಡಿಗೆ ಬಾಣಲೆಯ ಜೊತೆ ಒಲೆಯ ಕಟ್ಟೆಯೂ ಸಿಗುತ್ತದೆ. ಆವಿ, ಹೊಗೆ ನಡುವೆ ಬಂದರೂ ಲೆಕ್ಕ ತಪ್ಪುತ್ತದೆ. ಯಂತ್ರ ಸರಿಯಿದೆಯೇ ಎಂದು ಕುದಿಯುವ ನೀರಿನಲ್ಲಿ ಪರೀಕ್ಷಿಸಹೊರಟು, ಆವಿಯನ್ನು ಬೀಸಿ ಬೀಸಿ ಸರಿಸಿ ನೋಡಿದರೆ ತೊಂಬತ್ತೇಳು. ಯಂತ್ರ ಕೆಟ್ಟಿದೆ ಎಂದುಕೊಂಡೆ. ಆಮೇಲೆ ಹೊಳೆಯಿತು. ನಮ್ಮ ಎತ್ತರದಲ್ಲಿ ನೀರು ನೂರಕ್ಕೆ ಕುದಿಯುವುದೇ ಇಲ್ಲ, ಮೂರು ಡಿಗ್ರಿ ಮೊದಲೇ ಅವಸರ ಮಾಡುತ್ತದೆ.

ಮರುದಿನ ಬೆಳಿಗ್ಗೆ ಅತ್ತಿಗೆಗೆ ವಿಷಯ ಹೇಳಿದೆ: ಬಾಣಲೆಯಲ್ಲಿ ಒಂದಿಷ್ಟು ಜಾಗ ಮತ್ತೆ ಕಪ್ಪಾಗಬೇಕು, ಟೇಪು ಅಂಟಿಸಿದರೆ ಉರಿದುಹೋಗುತ್ತದೆ.

"ಇಷ್ಟಕ್ಕೆ ಯಂತ್ರ ಬೇಕಿತ್ತಾ?" ಎಂದು ಅವರು ತಳಕ್ಕೆ ಬೆರಳ ತುದಿಯಿಂದ ತೆಂಗಿನೆಣ್ಣೆ ತೆಳ್ಳಗೆ ಸವರಿ, ಕಾಯಿಸಿ, ಆರಿಸಿ, ಮತ್ತೆ ಸವರಿದರು. ಆರೇಳು ಸರದಿಗೆ ರೊಟ್ಟಿಯಗಲದ ಒಂದು ಕಪ್ಪು ಚಂದ್ರ ಮೂಡಿತು. ನಾನು ಈ ಸಲ ಹತ್ತಿರ, ಒಂದು ಮೊಳ ದೂರದಲ್ಲಿ, ಹೊಗೆಯ ದಾರಿ ತಪ್ಪಿಸಿ ಕೂತೆ. ಅದೇ ಬಾಣಲೆ, ಅದೇ ಉರಿ. ಹೊಳಪಿಗೆ ಹೊಡೆದರೆ ಎಂಬತ್ತೇಳು, ಕಪ್ಪಿಗೆ ಹೊಡೆದರೆ ನೂರ ತೊಂಬತ್ತು! ಪೂವಯ್ಯ ನನ್ನ ಕೈಯಿಂದ ಪಿಸ್ತೂಲು ಕಿತ್ತುಕೊಂಡು ತಾನೂ ಹೊಡೆದ. ಕಮಲ ಹೊಡೆದಳು. ಕೋವಿ ಪೂಜೆಯ ದಿನವೂ ನಮ್ಮ ಮನೆಯಲ್ಲಿ ಇಷ್ಟು ಗುಂಡು ಹಾರಿದ್ದಿಲ್ಲ.

ಎಷ್ಟಕ್ಕೆ ಬೀಜ ಹಾಕಬೇಕೆಂದು ಯಾವ ಕಾಗದದಲ್ಲೂ ಇರಲಿಲ್ಲ, ನಾನು ಓದಿದ ಇನ್ನೂರನ್ನು ನಂಬುವವರೂ ಇರಲಿಲ್ಲ. ಹಿಡಿ ಹಿಡಿ ಬೀಜವನ್ನು ಬೇರೆ ಬೇರೆ ಅಂಕಿಗೆ ಹಾಕಿ ಹುರಿದೆವು. ನೂರೈವತ್ತರ ಹಿಡಿಯನ್ನು ಕಚ್ಚಿ ಅತ್ತಿಗೆ "ಹಸಿ" ಎಂದರು. ಇನ್ನೂರ ಇಪ್ಪತ್ತರದ್ದಕ್ಕೆ ಮುಖ ಸಿಂಡರಿಸಿದರು. ನೂರ ಎಂಬತ್ತೈದರದ್ದನ್ನು ಕಚ್ಚಿ, ಜಗಿದು, ಇನ್ನೊಂದು ಬೀಜ ಬಾಯಿಗೆ ಹಾಕಿಕೊಂಡರು. ಪೂವಯ್ಯ ಒಂದು ತುಂಡು ಇದ್ದಿಲಿನಿಂದ ಒಲೆಯ ಪಕ್ಕದ ಗೋಡೆಯ ಮೇಲೆ ೧೮೫ ಎಂದು ಬರೆದ. ಏಣಿ ತರುವ ಮಾತು ಮತ್ತೆ ಎತ್ತಲಿಲ್ಲ.

ಮದುವೆಯ ಕಾಫಿಯನ್ನು ಅತ್ತಿಗೆಯೇ ಹುರಿದರು. ಐದು ಸರದಿ, ಒಂದು ಬೀಜವೂ ಕರಟಲಿಲ್ಲ. ಕುಶಾಲನಗರದ ಛತ್ರದಲ್ಲಿ ಹಾಸನದ ಕಡೆಯ ಬೀಗರು ಊಟಕ್ಕೆ ಮೊದಲು ಒಂದು, ಊಟವಾದ ಮೇಲೆ ಎರಡು ಲೋಟ ಕುಡಿದು, ಪುಡಿ ಯಾವ ಮಿಲ್ಲಿನದು ಎಂದು ವಿಚಾರಿಸಿದರು. ಪೂವಯ್ಯ ಅವರನ್ನು ಕೈಹಿಡಿದು ಕರೆದುಕೊಂಡು ಬಂದು, ಗೋಡೆಗೊರಗಿ ಕೂತಿದ್ದ ಅತ್ತಿಗೆಯನ್ನು ತೋರಿಸಿ, "ಇದೇ ಮಿಲ್ಲು" ಎಂದ. ಅತ್ತಿಗೆ ಸೆರಗು ಸರಿಮಾಡಿಕೊಂಡರು. ನಾನು ಪಕ್ಕದಲ್ಲೇ ಇದ್ದೆ. ನನ್ನ ಕಡೆ ಯಾರೂ ನೋಡಲಿಲ್ಲವಾದರೂ ಗೆದ್ದವನ ಹಾಗೆ ಎದೆಯುಬ್ಬಿಸಿ ನಿಂತಿದ್ದೆ.

ಒಂದು ಮಾತ್ರ ಬಗೆಹರಿದಿಲ್ಲ. ಐದು ಸರದಿಗಳಲ್ಲೂ ನಾನು ಅಂಕಿ ಓದಿ "ನೂರ ಎಂಬತ್ತೈದು" ಎಂದು ಕೂಗಿದ ಮೇಲೆಯೇ ಅತ್ತಿಗೆ ಬೀಜ ಸುರಿದರು ಎಂಬುದು ನನ್ನ ಲೆಕ್ಕ. ಕಮಲ ಹೇಳುವುದೇ ಬೇರೆ. "ಇಲ್ಲ ಚಿಕ್ಕ ಮಾವ, ಮೂರನೇ ಸರದಿಯಿಂದ ಅತ್ತೆ ಮೊದ್ಲು ಸುರೀತಿದ್ರು, ನೀವು ಆಮೇಲೆ ಕೂಗ್ತಿದ್ರಿ." ಸ್ಪರ್ಶ ಹೋದ ಕೈಯವರಿಗೆ ಅದು ಹೇಗೆ ತಿಳಿಯಿತು? ವಾಸನೆಯೋ, ಎಣ್ಣೆ ಹೀರಿದ ಕಬ್ಬಿಣದ ಯಾವುದೋ ಸಣ್ಣ ಸದ್ದೋ, ನಾನು ಉಸಿರು ಬಿಗಿಹಿಡಿದದ್ದೋ? ಅತ್ತಿಗೆಯನ್ನೇ ಕೇಳಿದೆ.

"ಕಾಫಿ ಒಳ್ಳೆದಿತ್ತಾ ಇಲ್ಲೆಯಾ, ಅದು ಹೇಳು" ಎಂದರು.

ಒಳ್ಳೆಯದಿತ್ತು. ಸುರಿದದ್ದು ಮೊದಲೋ, ಕೂಗಿದ್ದು ಮೊದಲೋ, ನನಗೆ ಗೊತ್ತಿಲ್ಲ.