ಪೇಟ ಯಾರಿಗೆ, ರವಿಕೆ ಕಣ ಯಾರಿಗೆ

ಅಮೆರಿಕದ ಡೆಟ್ರಾಯಿಟ್ ಪಕ್ಕದ ಕ್ಯಾಂಟನ್ನಿನ ಕನ್ನಡ ಕೂಟದಲ್ಲಿ ಇಂಚರಳನ್ನು ‘ಏನಮ್ಮಾ ಓದ್ತಿದೀಯ’ ಅಂತ ಎರಡನೇ ಸಲ ಕೇಳುವ ಧೈರ್ಯ ಯಾರಿಗೂ ಇಲ್ಲ. ಘಾನಾ ದೇಶದ ಸಿನಿಮಾಗಳಲ್ಲಿ ಹೆಣ್ಣನ್ನು ಹೇಗೆ ತೋರಿಸುತ್ತಾರೆ ಎಂಬುದು ಅವಳ ಪಿಎಚ್‌.ಡಿ. ವಿಷಯ. ಮಾಟಗಾತಿ, ಮನೆಮುರುಕಿ, ಇಲ್ಲವೇ ಅಳುವ ಅಮ್ಮ. ನೋಡಿ ನೋಡಿ ಅವಳ ತಲೆ ಚಿಟ್ಟು ಹಿಡಿದಿತ್ತು. ಇನ್ನು ಕ್ಯಾಮೆರಾದ ಹಿಂದೆ ನಿಂತ ಹೆಣ್ಣಂತೂ ಯಾರ ಕಣ್ಣಿಗೂ ಬೀಳುವುದಿಲ್ಲ.

ಅಂಥದ್ದರಲ್ಲಿ ಎಫುವಾ ಎಂಬ ಘಾನಾದ ನಿರ್ದೇಶಕಿ ಹೊಸ ಚಿತ್ರದೊಂದಿಗೆ ಡೆಟ್ರಾಯಿಟ್‌ಗೆ ಬಂದಳು. ಇಂಚರ ಬೆನ್ನು ಬಿದ್ದು ಅವಳನ್ನು ಕೂಟದ ಮಹಿಳಾ ದಿನಾಚರಣೆಗೆ ಒಪ್ಪಿಸಿದಳು. ನಮ್ಮ ಆಂಟಿಯರು ಇವಳನ್ನು ನೋಡಲಿ, ಇವಳ ಮಾತು ಕೇಳಲಿ. ಅವಳಿಗೆ ಬೇಕಿದ್ದದ್ದು ಅಷ್ಟೇ.

ಚಿತ್ರ ಮುಗಿಯಿತು. ಇಂಚರ ಇನ್ನೂ ಹಿಂದೆ ಪ್ರೊಜೆಕ್ಟರ್ ಹತ್ತಿರವಿದ್ದಳು. ಅಧ್ಯಕ್ಷ ಗುರುಸಿದ್ದ ಅಂಕಲ್ ‘ಈಗ ನಿರ್ದೇಶಕರಿಗೆ ಸನ್ಮಾನ!’ ಎಂದವರೇ ಸೀದಾ ಹೋಗಿ, ಎಫುವಾಳ ಪಕ್ಕ ಕೂತಿದ್ದ ಕ್ಯಾಮೆರಾಮನ್ ಕೋಜೊಗೆ ಶಾಲು ಹೊದಿಸಿ, ತಲೆಗೆ ಮೈಸೂರು ಪೇಟ ಇಟ್ಟೇಬಿಟ್ಟರು! ಪಾಪ, ಅವನು ಎರಡೂ ಕೈ ಆಡಿಸಿ ಬೇಡ ಬೇಡ ಎಂದ. ಸಂಕೋಚವಿರಬೇಕು ಎಂದುಕೊಂಡು ಜನ ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು. ಅಧ್ಯಕ್ಷರ ಹೆಂಡತಿ ಜಯದೇವಿ ಆಂಟಿ ಎಫುವಾಳ ಹಣೆಗೆ ಕುಂಕುಮವಿಟ್ಟು, ಎಲೆ ಅಡಿಕೆಯ ಜೊತೆ ರವಿಕೆ ಕಣ ಕೊಟ್ಟು, ‘ಇವರು ನಿರ್ದೇಶಕರ ಮನೆಯವರು’ ಎಂದು ಸಭೆಗೆ ಪರಿಚಯಿಸಿದರು.

ಇಂಚರ ವೇದಿಕೆಗೆ ಓಡಿದಳು. ‘ಅಂಕಲ್, ಡೈರೆಕ್ಟರ್ ಅವರಲ್ಲ, ಇವರು! ಪೋಸ್ಟರ್ ಕಳಿಸಿದ್ನಲ್ಲ?’

‘ಹೌದೇನವಾ? ಹೋಗ್ಲಿ ಬಿಡು. ಹಾಕಿದ ಪೇಟಾ ತಗದ್ರ ಚಲೋ ಕಾಣಂಗಿಲ್ಲ. ಇಬ್ಬರೂ ಒಂದ ಟೀಮ್ ಅಲ್ಲೇನು?’

‘ಇವರು ಮಾತಾಡ್ಬೇಕು ಅಂಕಲ್!’

‘ಊಟ ಆರಾಕತ್ತೈತಿ. ಆಮ್ಯಾಲ ಮಾತಾಡ್ಲಿ.’

ಊಟವಾದ ಮೇಲೆ ಯಾರು ಉಳಿಯುತ್ತಾರೆ? ಗಂಡಸರು ಪಾರ್ಕಿಂಗ್ ಲಾಟಿಗೆ ಹೋದರು, ಆಂಟಿಯರು ಉಳಿದ ಬಿಸಿಬೇಳೆ ಭಾತನ್ನು ಡಬ್ಬಿಗೆ ತುಂಬುತ್ತಿದ್ದರು. ಇಂಚರಳ ಮೈಯೆಲ್ಲ ಉರಿಯಿತು. ಮಹಿಳಾ ದಿನವಂತೆ, ಮಹಿಳಾ ದಿನ!

ಮೂವರೂ ಕಾರು ಹತ್ತಿದರು. ಕೋಜೊ ಹಿಂದಿನ ಸೀಟಿನಲ್ಲಿ ಪೇಟವನ್ನು ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲಿಟ್ಟುಕೊಂಡಿದ್ದ. ಎಫುವಾ ರವಿಕೆ ಕಣ ಬಿಡಿಸಿ ನೋಡಿದಳು.

‘ಇದನ್ನ ಏನು ಮಾಡಬೇಕು?’

‘ಬ್ಲೌಸ್ ಹೊಲಿಸಬೇಕು. ಆದರೆ ಯಾರೂ ಹೊಲಿಸಲ್ಲ. ಮನೆಗೆ ಬಂದ ಇನ್ನೊಬ್ಬ ಹೆಂಗಸಿಗೆ ಕೊಡ್ತಾರೆ. ಅವಳು ಮತ್ತೊಬ್ಬಳಿಗೆ ಕೊಡ್ತಾಳೆ.’

ಎಫುವಾ ಅದನ್ನು ಮೊದಲಿದ್ದ ಹಾಗೆಯೇ ಮಡಚಿ ಇಂಚರಳ ಕೈಗಿಟ್ಟಳು.

‘ಹಾಗಾದರೆ ನೀನೇ ಇಟ್ಟುಕೋ. ಇಂಥವು ನಮ್ಮೂರಲ್ಲೇ ನನಗೆ ಬೇಕಾದಷ್ಟು ಸಿಕ್ಕಿವೆ.’