ಎತ್ತಿಕೊಟ್ಟ ಮಾತು

ದೂರದಲ್ಲಿದ್ದವರ ದನಿ ಕೇಳಿತು, ಸತ್ತವರು ಕನಸಿನಲ್ಲಿ ಬಂದು ಹೇಳಿದರು ಎನ್ನುವವರ ಮುಂದೆ ನಾನು ನಕ್ಕುಬಿಡುತ್ತಿದ್ದೆ. ಈಗ ನಗುವುದಿಲ್ಲ. ಹಾಗೆಂದು ನಂಬುತ್ತೇನೆ ಎಂದೂ ಹೇಳಲಾರೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನೀವು ಏನಾದರೂ ಅಂದುಕೊಳ್ಳಿ.

ಆಗ ನಾನು ಊರೂರು ತಿರುಗುವ ಒಂದು ನಾಟಕ ಕಂಪನಿಯಲ್ಲಿ ಪ್ರಾಂಪ್ಟರ್ ಆಗಿದ್ದೆ. ರಂಗದ ಬದಿಯ ಪರದೆಯ ಮರೆಯಲ್ಲಿ ಕೂತು, ನಟರು ಮರೆತ ಮಾತನ್ನು ಮೆಲ್ಲಗೆ ಎತ್ತಿಕೊಡುವ ಕೆಲಸ. ಮುನವಳ್ಳಿಯಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ಅಪ್ಪನಿಗೆ ಇದು ಸೇರಿರಲಿಲ್ಲ. ನಾನು ಮನೆ ಬಿಟ್ಟ ದಿನ, "ಹೋಗೂದಿದ್ರ ಹೋಗು. ಇನ್ನ ಮ್ಯಾಲೆ ನನಗೂ ನಿನಗೂ ಮಾತಿಲ್ಲ" ಎಂದ. ಹಟಗಾರ, ಅಂದಂತೆಯೇ ನಡೆದುಕೊಂಡ. ಎರಡು ವರ್ಷದ ಮೇಲೆ ಲಕ್ವ ಹೊಡೆದು ಅವನ ಮಾತೇ ನಿಂತುಹೋಯಿತು. ನನ್ನೊಂದಿಗೆ ಅವನು ಆಡಿದ ಕೊನೆಯ ಮಾತು ಅದೇ ಆಗಿ ಉಳಿಯಿತಲ್ಲ ಎಂಬ ಸಂಕಟ ನನ್ನನ್ನು ಕಂಪನಿ ಬೀಡುಬಿಟ್ಟ ಎಲ್ಲಾ ಕ್ಯಾಂಪುಗಳಿಗೂ ಹಿಂಬಾಲಿಸುತ್ತಿತ್ತು.

ರಾಮದುರ್ಗದ ಕ್ಯಾಂಪಿನ ಕೊನೆಯ ಸಂಜೆಯ ಆಟ. ಮನೆ ಬಿಟ್ಟ ಮಗ ಬಾಗಿಲಿಗೆ ಬಂದು ನಿಲ್ಲುವ ದೃಶ್ಯದಲ್ಲಿ, ತಂದೆಯ ಪಾತ್ರದ ಹಿರಿಯ ನಟರು ಮಾತು ಮರೆತು ನನ್ನ ಕಡೆ ನೋಡಿದರು. ಪುಸ್ತಕ ನನ್ನ ಮುಂದೆಯೇ ಇತ್ತು, ಸಾಲಿನ ಮೇಲೆ ನನ್ನ ಬೆರಳೂ ಇತ್ತು. ಆದರೆ ನನ್ನ ಬಾಯಿಂದ ಹೊರಟಿದ್ದು ಬೇರೆ: "ಚಪ್ಪಲಿ ಬಿಡಾಕ ನಿಂದರಬ್ಯಾಡ, ಒಳಗ ಬಾ." ಅವರು ಹಾಗೇ ಆಡಿಬಿಟ್ಟರು.

ಆಟ ಮುಗಿದ ಮೇಲೆ ಬಣ್ಣ ಒರೆಸಿಕೊಳ್ಳುತ್ತಾ ಅವರು ಕೇಳಿದರು: "ಆ ಮಾತ ಎಲ್ಲಿತ್ತೋ ತಮ್ಮಾ? ಪುಸ್ತಕದಾಗ ಇಲ್ಲಲ್ಲ."

"ಗೊತ್ತಿಲ್ರಿ. ಬಾಯಿಗೆ ಬಂತು," ಎಂದೆ.

ಕ್ಯಾಂಪು ಮುಗಿದಿದ್ದರಿಂದ ಮರುದಿನ ಯರಗಟ್ಟಿಯಲ್ಲಿ ಬಸ್ಸು ಬದಲಿಸಿ ಮಧ್ಯಾಹ್ನ ಊರು ಮುಟ್ಟಿದೆ. ಮಕ್ಕಳೊಂದಿಗೆ ಊರಲ್ಲೇ ಉಳಿದು ಅಪ್ಪನನ್ನು ನೋಡಿಕೊಳ್ಳುತ್ತಿದ್ದ ನನ್ನ ಹೆಂಡತಿ ಗಿರಿಜಾ ಹೊರಗೇ ಕಾಯುತ್ತಿದ್ದಳು.

"ನಿನ್ನೆ ಸಂಜಿಮುಂದ ಮಾವಾರು ಮಾತಾಡಿದ್ರು," ಎಂದಳು.

ನಾನು ಚೀಲವನ್ನು ಕೆಳಗಿಡುವುದನ್ನೂ ಮರೆತೆ. "ಏನಂದ?"

"ಬಾಗಲಾ ಕಡೆ ಮಾರಿ ಮಾಡಿ, 'ಚಪ್ಪಲಿ ಬಿಡಾಕ ನಿಂದರಬ್ಯಾಡ, ಒಳಗ ಬಾ' ಅಂದ್ರು. ಯಾರ ಬಂದಾರಂತ ಹೋಗಿ ನೋಡಿದೆ, ಯಾರೂ ಇರಲಿಲ್ಲ. ಆಮ್ಯಾಲೆ ಎಷ್ಟ ಮಾತಾಡಿಸಿದ್ರೂ ಇಲ್ಲ."

"ಎಷ್ಟೊತ್ತಿಗೆ?"

"ಗುಳಗಿ ಕೊಡೂ ಹೊತ್ತಿನ್ಯಾಗ. ಎಂಟಕ್ಕ ಹತ್ತ ಕಮ್ಮಿ ಇರಬೇಕು."

ನಮ್ಮ ಆ ದೃಶ್ಯ ಬರುತ್ತಿದ್ದುದೂ ಹೆಚ್ಚೂಕಡಿಮೆ ಅದೇ ಹೊತ್ತಿಗೆ. ಆ ಮಾತಿನ ಬಗ್ಗೆ ನಾನು ಫೋನಿನಲ್ಲಿ ಅವಳಿಗೆ ಏನೂ ಹೇಳಿರಲಿಲ್ಲ. ಕಂಪನಿಯವರ ಬಳಿ ಅವಳ ನಂಬರು ಇರಲಿಲ್ಲ.

ಒಳಗೆ ಹೋದೆ. ಅಪ್ಪ ನನ್ನನ್ನು ಬಹಳ ಹೊತ್ತು ನೋಡಿದ. ಆಡುವ ಕೈಯಿಂದ ನನ್ನ ಅಂಗಿಯ ತುದಿ ಹಿಡಿದುಕೊಂಡ. ಗಿರಿಜಾ ಊಟಕ್ಕೆ ಕರೆದರೂ ಬಿಡಲಿಲ್ಲ. ಅವಳು ತಾಟನ್ನು ಮಂಚದ ಬಳಿಗೇ ತಂದಿಟ್ಟಳು.

ಮುಂದೆ ಒಂದು ವರ್ಷ ಬದುಕಿದ್ದ. ಇನ್ನೊಂದು ಮಾತೂ ಆಡಲಿಲ್ಲ. ಇಂಥ ರೋಗಿಗಳ ಬಾಯಿಂದ ಒಮ್ಮೊಮ್ಮೆ ಒಂದು ಪೂರ್ತಿ ವಾಕ್ಯ ಬಂದುಬಿಡುವುದುಂಟು ಎಂದರು ಡಾಕ್ಟರು. ಇರಬಹುದು. ಆದರೆ ಚಪ್ಪಲಿ ಹಾಕಿಕೊಂಡು ಒಳಗೆ ಬಂದರೆ ಮೊಮ್ಮಕ್ಕಳನ್ನೂ ಬಿಡದೆ ಗದರುತ್ತಿದ್ದ ಮನುಷ್ಯ ಅವನು. ಅಂಥ ಮಾತನ್ನು ಅವನ ಬಾಯಲ್ಲಿ ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಆ ಸಂಜೆ ನಾನದನ್ನು ಯಾರಿಂದ ಕೇಳಿ ಹೇಳಿದೆನೋ, ಇವತ್ತಿಗೂ ನನಗೆ ಗೊತ್ತಿಲ್ಲ.