ಬನಶಂಕರಿ ನನ್ನ ಉಪವಾಸ ಬಿಡಿಸಿದ ಬಗೆ

ತಾಯಿ ಬನಶಂಕರಿಯನ್ನು ನಂಬಿದ ಅಕ್ಕ-ತಂಗಿಯರಿಗೆ, ಅಣ್ಣ-ತಮ್ಮಂದಿರಿಗೆ ಸ್ವೀಡನ್ನಿನ ಟ್ರೋಲ್‌ಹೆಟ್ಟನ್ ಊರಿನಿಂದ ಸವಿತಾ ಮಾಡುವ ಶರಣು.

ಎರಡು ವರ್ಷದ ಕೂಸು ಊಟ ಬಿಟ್ಟರೆ ಮನೆಮಂದಿಯ ಸಂಕಟ ಎಂಥದ್ದು ಅಂತ ಮಕ್ಕಳಿದ್ದವರಿಗೆ ಹೇಳಬೇಕಾಗಿಲ್ಲ. ಆ ಕೂಸು ನನ್ನದಲ್ಲ. ಆದರೆ ಅದನ್ನು ನೋಡಿಕೊಳ್ಳಲಿಕ್ಕೇ ನಾನು ಬಾಗಲಕೋಟೆಯಿಂದ ಇಲ್ಲಿಗೆ ಬಂದವಳು. ಇದಕ್ಕೆ ಓ ಪೇರ್ ಅನ್ನುತ್ತಾರೆ. ಅವರ ಮನೆಯಲ್ಲೇ ಇದ್ದು ದಿನಕ್ಕೆ ಕೆಲವು ತಾಸು ಮಗು ನೋಡಿಕೊಳ್ಳುವುದು, ಉಳಿದ ಹೊತ್ತು ಸ್ವೀಡಿಷ್ ಕ್ಲಾಸಿಗೆ ಹೋಗುವುದು. ಬಿ.ಎ. ಮಾಡಿದವಳು ಕೂಸು ಆಡಿಸಲು ಅಷ್ಟು ದೂರ ಹೋಗಬೇಕಾ ಅಂತ ನಮ್ಮ ಚಿಗವ್ವ ಆಡಿಕೊಂಡಿದ್ದಳು. ಆಡಿಕೊಳ್ಳಲಿ, ಅವಳ ಬಾಯಿ ಅವಳದು.

ಮಗುವಿನ ಹೆಸರು ತೂವಾ. ತಾಯಿ ಕಾರಿನ್, ತಂದೆ ವಿಮಾನದ ಎಂಜಿನ್ ಮಾಡುವ ಕಡೆ ಕೆಲಸದಲ್ಲಿದ್ದಾನೆ. ಒಳ್ಳೆಯ ಜನ. ಕಳೆದ ಚಳಿಗಾಲದಲ್ಲಿ ಊರಿಗೆಲ್ಲ ವಾಂತಿಯ ಜಡ್ಡು ಬಂದಾಗ ತೂವಾಳಿಗೂ ಬಂತು. ಜಡ್ಡು ಹೋಯಿತು, ಅಂಜಿಕೆ ಉಳಿಯಿತು. ತಿಂದರೆ ಮತ್ತೆ ವಾಂತಿ ಆಗುತ್ತದೆ ಅಂತ ಆ ಕೂಸಿನ ತಲೆಗೆ ಹೇಗೆ ಹೋಯಿತೋ, ನಾಲ್ಕು ಗುಟುಕು ಹಾಲು ಬಿಟ್ಟರೆ ಬಾಯಿಗೆ ಬೀಗ.

ನನಗೆ ಗೊತ್ತಿದ್ದದ್ದು ನಮ್ಮ ಮನೆಯ ವಿದ್ಯೆ. ಬಟ್ಟಲು ಹಿಡಿದು ಮನೆಯೆಲ್ಲ ಅವಳ ಹಿಂದೆ ಓಡಿದೆ. ಕಿಟಕಿಯಲ್ಲಿ ಹಕ್ಕಿ ತೋರಿಸಿದೆ, ನಾನೇ ದೊಡ್ಡದಾಗಿ ಬಾಯಿ ತೆರೆದು "ಆ ಅನ್ನು, ಆ" ಅಂತ ಗೋಗರೆದೆ. ಅವಳು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ಒಂದು ದಿನ ಕನ್ನಡದಲ್ಲೇ ಬೈದು, ಆಮೇಲೆ ಅಡುಗೆಮನೆಯಲ್ಲಿ ನಿಂತು ಅತ್ತೆ.

ನಾನೂ ಕಾರಿನ್ನೂ ತೂವಾಳನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಬಸ್ಸು ಹಿಡಿದು ಮಕ್ಕಳ ಆರೋಗ್ಯ ಕೇಂದ್ರಕ್ಕೆ ಹೋದೆವು. ತೂಕ ಇಳಿದಿತ್ತು. ನರ್ಸ್ ಸಮಾಧಾನದಿಂದಲೇ ಹೇಳಿದರು, ಮುಂದಿನ ಸಲವೂ ಇಳಿದಿದ್ದರೆ ಆಸ್ಪತ್ರೆಗೆ ಸೇರಿಸಿ ಮೂಗಿನಿಂದ ನಳಿಕೆ ಹಾಕಿ ಉಣಿಸಬೇಕಾಗಬಹುದು ಅಂತ. ಮನೆಯಲ್ಲಿ ಯಾರೂ ಒತ್ತಾಯ ಮಾಡಬೇಡಿ, ತಟ್ಟೆ ಮುಂದಿಟ್ಟು ನೀವೂ ಜೊತೆಗೆ ಕೂತು ಉಣ್ಣಿ ಅಂತಲೂ ಅವರು ಹೇಳಿದರು. ವಾಪಸು ಬರುವಾಗ ಬಸ್ಸಿನಲ್ಲಿ ಕಾರಿನ್ ಮಗುವಿನ ಟೋಪಿಯನ್ನು ಸರಿಮಾಡುತ್ತಲೇ ಇದ್ದಳು.

ಆಗ ಬನದ ಹುಣ್ಣಿಮೆ ಹತ್ತಿರವಿತ್ತು. ಫೋನ್ ಮಾಡಿದರೆ ಅವ್ವ ದೇವಿಗೆ ಬಗೆಬಗೆಯ ಪಲ್ಯ ಮಾಡಲು ಕಾಯಿಪಲ್ಲೆ ಹೆಚ್ಚುತ್ತಿದ್ದಳು. ಎಲ್ಲ ಹೇಳಿದೆ. ಅವ್ವ ಕೈಕೆಲಸ ನಿಲ್ಲಿಸಿದಳು.

"ಬರಗಾಲದಾಗ ಜಗತ್ತಿಗೆ ಕಾಯಿಪಲ್ಲೆ ಕೊಟ್ಟಾಕಿ ಆಕಿ," ಅಂದಳು. "ಒಂದು ಕೂಸಿಗೆ ಉಣಿಸೋದು ಆಕಿಗೆ ವಜ್ಜೆ ಆಗತೈತೇನು? ಬೇಡಿಕೋ."

ನನ್ನ ಕೋಣೆಯಲ್ಲಿದ್ದ ದೇವಿಯ ಫೋಟೋದ ಮುಂದೆ ನಿಂತು ಬೇಡಿಕೊಂಡೆ. ತೂವಾ ಉಣ್ಣುವ ತನಕ ಪ್ರತಿ ಶುಕ್ರವಾರ ನಾನೂ ಬಾಯಿಗೆ ಏನೂ ಹಾಕುವುದಿಲ್ಲ ತಾಯಿ ಅಂತ ಹರಕೆ ಹೊತ್ತೆ. ಕಾರಿನ್‌ಗೆ ಹೇಳಲಿಲ್ಲ. ಮನೆಯಲ್ಲಿ ಊಟ ಬಿಟ್ಟವರು ಒಬ್ಬರು ಸಾಲದು ಅಂತ ಇನ್ನೊಬ್ಬಳಾ ಅಂದಾಳು ಅಂತ ಹೆದರಿಕೆ.

ಮೊದಲ ಶುಕ್ರವಾರ ಏನೂ ಆಗಲಿಲ್ಲ. ದೇವಿಗೆ ನನ್ನ ಕೂಗು ಇಷ್ಟು ದೂರದಿಂದ ಕೇಳಿಸುತ್ತದೋ ಇಲ್ಲವೋ ಅಂತಲೂ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ.

ಎರಡನೆಯ ಶುಕ್ರವಾರ ಕಾರಿನ್ ಮನೆಯಿಂದಲೇ ಕೆಲಸ ಮಾಡುತ್ತ ಪಕ್ಕದ ಕೋಣೆಯಲ್ಲಿದ್ದಳು. ಮಧ್ಯಾಹ್ನ ತೂವಾಳ ತಟ್ಟೆಗೆ ಬೇಯಿಸಿದ ಆಲೂಗಡ್ಡೆ, ಬಟಾಣಿ ಹಾಕಿ ಮುಂದಿಟ್ಟೆ. ನರ್ಸ್ ಹೇಳಿದ ಹಾಗೆ ನನ್ನ ಮುಂದೂ ಒಂದು ತಟ್ಟೆ ಇಟ್ಟುಕೊಂಡು ಕೂತೆ. ಶುಕ್ರವಾರದ ಹರಕೆ ಇತ್ತಲ್ಲ, ನನ್ನ ತಟ್ಟೆ ಬರಿದು. ಬಾ ಅನ್ನಲಿಲ್ಲ, ಉಣ್ಣು ಅನ್ನಲಿಲ್ಲ, ನಿಜ ಹೇಳಬೇಕೆಂದರೆ ನನಗೂ ಸಾಕಾಗಿತ್ತು.

ತೂವಾ ನನ್ನ ತಟ್ಟೆ ನೋಡಿದಳು. ತನ್ನದು ನೋಡಿದಳು. ಮತ್ತೆ ನನ್ನದು ನೋಡಿದಳು. ಆಮೇಲೆ ಒಂದು ಬಟಾಣಿ ಕಾಳನ್ನು ಎರಡು ಬೆರಳಲ್ಲಿ ಹಿಡಿದು, ಮೇಜಿನ ಮೇಲೆ ಬಾಗಿ, ನನ್ನ ತುಟಿಯ ಹತ್ತಿರ ತಂದಳು.

"ಆ," ಅಂದಳು.

ನಾನು ಕಲ್ಲಾದೆ. ಬಾಯಿ ತೆರೆದರೆ ಹರಕೆ ಮುರಿಯುತ್ತದೆ, ತೆರೆಯದಿದ್ದರೆ ಆ ಕೈ ಹಿಂದೆ ಹೋಗುತ್ತದೆ. ಅವಳು ಇನ್ನೊಮ್ಮೆ "ಆ" ಅಂದಳು, ನನಗೆ ತೋರಿಸಲು ತಾನೇ ದೊಡ್ಡದಾಗಿ ಬಾಯಿ ತೆರೆದು. ತಪ್ಪಾದರೂ ನಾನು ನಿನ್ನ ಮಗಳೇ, ಹೊಟ್ಟೆಗೆ ಹಾಕಿಕೋ ತಾಯಿ ಅಂದುಕೊಂಡು ಬಾಯಿ ತೆರೆದೆ. ಕಾಳು ಅಗಿದು ನುಂಗಿದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು, ಇವಳಿಗೇನಾದರೂ ಆಗುತ್ತದೋ ಅಂತ. ಏನೂ ಆಗಲಿಲ್ಲ. ಆಗ ಎರಡನೆಯ ಕಾಳನ್ನು ತನ್ನ ಬಾಯಿಗೆ ಹಾಕಿಕೊಂಡಳು.

ನನಗೊಂದು, ಅವಳಿಗೊಂದು. ತಟ್ಟೆಯ ಬಟಾಣಿ ಮುಗಿಯಿತು, ಆಲೂಗಡ್ಡೆಯೂ ಅರ್ಧ ಹೋಯಿತು. ಯಾವಾಗ ಬಂದು ನಿಂತಿದ್ದಳೋ, ಕಾರಿನ್ ಬಾಗಿಲಲ್ಲಿ ಕಾಫಿ ಲೋಟ ಹಿಡಿದು ಅಳುತ್ತಿದ್ದಳು.

ಅವತ್ತೇ ಅವ್ವನಿಗೆ ಫೋನ್ ಮಾಡಿ, ಹರಕೆ ಮುರಿದುಬಿಟ್ಟೆ ಅವ್ವ ಅಂದೆ.

"ಹುಚ್ಚಿ," ಅಂದಳು ಅವ್ವ. "ಉಣಿಸಿದಾಕಿ ಯಾರು ಅಂತ ತಿಳಕೊಂಡಿ?"

ಮುಂದಿನ ಸಲ ತೂಗಿದಾಗ ತೂಕ ಸ್ವಲ್ಪ ಏರಿತ್ತು. ನಳಿಕೆಯ ಮಾತು ಮತ್ತೆ ಬರಲಿಲ್ಲ. ನರ್ಸ್ ಹೇಳಿದ ಉಪಾಯವೂ ಒಳ್ಳೆಯದೇ, ನಾನು ಅಲ್ಲಗಳೆಯುವುದಿಲ್ಲ. ಆದರೆ ನನ್ನ ತಟ್ಟೆ ಬರಿದಾಗಿದ್ದದ್ದು ತಾಯಿಯ ಹೆಸರಿನಿಂದ. ಹಸಿದವಳಿಗೆ ಉಣಿಸಬೇಕು ಅಂತ ಆ ಕೂಸಿಗೆ ಹೊಳೆಸಿದವಳೂ ಅವಳೇ ಅಂತ ನಾನು ನಂಬಿದ್ದೇನೆ.

ಹರಕೆಯ ಸಂಗತಿ ಆಮೇಲೆ ಕಾರಿನ್‌ಗೆ ಹೇಳಿದೆ. ಅವಳು ದೇವರು ದಿಂಡರು ಅನ್ನುವವಳಲ್ಲ. ಎಲ್ಲ ಕೇಳಿಸಿಕೊಂಡು, ಆ ಫೋಟೋ ನಿನ್ನ ಕೋಣೆಯಲ್ಲಿ ಯಾಕೆ, ಊಟದ ಮೇಜಿನ ಹತ್ತಿರ ಇಡು ಅಂದಳು. ಈಗ ಅಲ್ಲೇ ಇದೆ, ತೂವಾಳ ಕೈಗೆ ಎಟಕುವ ಎತ್ತರದಲ್ಲಿ.

ಬೇಸಿಗೆಗೆ ನನ್ನ ಪರ್ಮಿಟ್ ಮುಗಿಯುತ್ತದೆ, ಊರಿಗೆ ಬಂದು ಮೊದಲು ತಾಯಿಯ ಗುಡಿಗೇ ಬರುತ್ತೇನೆ. ಅಲ್ಲಿಯವರೆಗೆ ಇಲ್ಲಿ ನೈವೇದ್ಯಕ್ಕೆ ಕೊರತೆಯಿಲ್ಲ. ಊಟಕ್ಕೆ ಕೂತ ಕೂಡಲೇ ತೂವಾ ಮೊದಲ ತುತ್ತನ್ನು ದೇವಿಯ ತುಟಿಗೆ ಹಿಡಿದು "ಆ" ಅನ್ನುತ್ತಾಳೆ, ಒಂದು ಗಳಿಗೆ ಕಾಯುತ್ತಾಳೆ, ಆಮೇಲೆ ತಾನು ಉಣ್ಣುತ್ತಾಳೆ.